ಗೋಲ್ಡ್‌ಫಿಶ್‌ಗೆ ತಾತ್ಕಾಲಿಕ ಮನೆ: ಟಬ್ಬೋ, ಹಳೆಯ ಗಾಜಿನ ತೊಟ್ಟಿಯೋ?

ಕಡಿಮೆ ಖರ್ಚಿಗೆ ಹೆಚ್ಚು ನೀರು ಹಿಡಿಸುವುದು ಪ್ಲಾಸ್ಟಿಕ್ ಟಬ್. ಎರಡು ಸಣ್ಣ ಮೀನುಗಳಿಗೆ ಕೆಲವು ವಾರಗಳ ಮಟ್ಟಿಗೆ 60-80 ಲೀಟರ್ ನೀರಿದ್ದರೆ ನಿಭಾಯಿಸಬಹುದು. ತೆಳು ಟಬ್ಬಿನ ಗೋಡೆ ಉಬ್ಬುತ್ತದೆ. ಮುಕ್ಕಾಲು ಭಾಗವಷ್ಟೇ ತುಂಬಿ, ತುಂಬಿದ ಮೇಲೆ ಎಳೆದಾಡಬೇಡಿ. ಸೋಪು ತಾಗಿದ ಟಬ್ ಬೇಡವೇ ಬೇಡ. ಮೀನಿಗೆ ಕಾಯಿಲೆಯಿದ್ದರೆ ಮಾತ್ರ ಗಾಜಿನ ತೊಟ್ಟಿ ಮೇಲು, ಪಕ್ಕದಿಂದ ನೋಡಿ ಗಮನಿಸಬಹುದು. ಹಳೆಯದಾದರೆ ಒಂದು ದಿನ ನೀರು ತುಂಬಿಟ್ಟು ಸೋರಿಕೆ ಪರೀಕ್ಷಿಸಿ.

ನಿಜವಾದ ತೊಡಕು ಫಿಲ್ಟರಿನದು. ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಅಗ್ಗ, ಆಮ್ಲಜನಕವನ್ನೂ ಕೊಡುತ್ತದೆ. ಆದರೆ ಹೊಸ ಸ್ಪಂಜಿನಲ್ಲಿ ಅಮೋನಿಯಾವನ್ನು (ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷ) ಅರಗಿಸುವ ಬ್ಯಾಕ್ಟೀರಿಯಾ ಇರುವುದಿಲ್ಲ, ಬೆಳೆಯಲು ವಾರಗಳೇ ಬೇಕು. ಹಳೆಯ ಫಿಲ್ಟರಿನ ಸ್ಪಂಜನ್ನು ಒಣಗಲು ಬಿಡದೆ, ನಲ್ಲಿ ನೀರಲ್ಲಿ ತೊಳೆಯದೆ ಟಬ್ಬಿಗೆ ಹಾಕಿ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲವಾದರೆ ಕರೆಂಟ್ ಹೋದಾಗ ಕೊಳವೆಯೊಳಗೆ ನೀರು ಹಿಂದಕ್ಕೆ ಹರಿಯುತ್ತದೆ. ಮೋಟಾರಿನ ಒಳ ಫಿಲ್ಟರ್ ಕಸವನ್ನು ಚೆನ್ನಾಗಿ ಎಳೆಯುತ್ತದೆ, ದೊಡ್ಡ ಮೀನಿಗೆ ಅದು ಸರಿ. ಉದ್ದ ರೆಕ್ಕೆಯ ತಳಿಗಳಿಗೆ ಸೆಳೆತ ಹೆಚ್ಚಾಯಿತು.

ಮೂರ್ನಾಲ್ಕು ದಿನಕ್ಕಾದರೆ ಫಿಲ್ಟರ್ ಖರೀದಿಸಬೇಡಿ. ಏರ್‌ಸ್ಟೋನ್ (ಏರ್ ಪಂಪಿಗೆ ಜೋಡಿಸುವ, ಗುಳ್ಳೆ ಬಿಡುವ ಕಲ್ಲು) ಇಟ್ಟು, ಮೇವು ಕಡಿಮೆ ಮಾಡಿ, ದಿನವೂ ಅರ್ಧ ನೀರು ತೆಗೆದು, ಕ್ಲೋರಿನ್ ತೆಗೆದ, ಟಬ್ಬಿನ ನೀರಿನಷ್ಟೇ ಉಷ್ಣತೆಯ ಹೊಸ ನೀರು ತುಂಬಿ.