ಇಂಫಾಲದ ಇಮಾ ಕೈಥೆಲ್: ಅಕ್ಕಿಗೆ ಪೂರ್ತಿ ಅಂಕ, ಬಟ್ಟೆ ನೋಡಿ ತಗೊಳ್ಳಿ

ಮಣಿಪುರದ ರಾಜಧಾನಿಯ ಖ್ವೈರಂಬಂದ್ ಬಜಾರಿನ ಈ 'ತಾಯಂದಿರ ಸಂತೆ'ಯಲ್ಲಿ ಮಾರುವವರೆಲ್ಲ ಮದುವೆಯಾದ ಹೆಂಗಸರು. ಕೂರುವ ಜಾಗ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುತ್ತದೆ. ಗಂಡಸರು ಮೂಟೆ ಹೊರಬಹುದು, ಕೊಳ್ಳಬಹುದು, ಅಂಗಡಿ ಹಾಕುವಂತಿಲ್ಲ. ಮಾರುವವರನ್ನು 'ಇಮಾ' (ತಾಯಿ) ಅಂತಲೇ ಕರೆಯಿರಿ.

ಮೊದಲು ಕೊಳ್ಳಬೇಕಾದ್ದು ಚಾಕ್-ಹಾವೊ, ಅಂದರೆ 2020ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಕಪ್ಪಕ್ಕಿ. ಕಾಳು ಮುರಿದು ನೋಡಿ, ಒಳಗೆ ಬಿಳಿ ಇರಬೇಕು, ಬಣ್ಣವೆಲ್ಲ ತೌಡಿನಲ್ಲಿರುತ್ತದೆ. ನೆನೆಸಿದ ನೀರಿಗೆ ನಿಂಬೆರಸ ಹಿಂಡಿದರೆ ನೇರಳೆ ಕೆಂಪಗೆ ತಿರುಗಬೇಕು. ತೌಡು ತೆಗೆಯದ ಕಾರಣ ನೀರು ಒಳಗಿಳಿಯುವುದು ನಿಧಾನ. ನೆನೆಸದೆ ಕುಕ್ಕರಿಗೆ ಹಾಕಿದರೆ ಕಾಳಿನ ನಡು ಗಟ್ಟಿ ಉಳಿಯುತ್ತದೆ. 6-8 ಗಂಟೆ ನೆನೆಸಿ, 1 ಲೋಟಕ್ಕೆ 3 ಲೋಟ ನೀರಿಟ್ಟು, ಒಂದು ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಪಾಯಸಕ್ಕಾದರೆ ಅಕ್ಕಿ ಪೂರ್ತಿ ಬೆಂದ ಮೇಲೆಯೇ ಹಾಲು, ಸಕ್ಕರೆ ಕೊನೆಗೆ. ಸಕ್ಕರೆ ಮೊದಲೇ ಬಿದ್ದರೆ ಅಕ್ಕಿ ಮತ್ತೆ ಮೆತ್ತಗಾಗುವುದಿಲ್ಲ.

ಹುದುಗಿಸಿದ ಮೀನು 'ಙಾರಿ' ಧೈರ್ಯವಿದ್ದವರಿಗೆ. ಕೆಂಡದ ಮೇಲೆ ಸುಟ್ಟು, ಬೇಯಿಸಿದ ಆಲೂಗಡ್ಡೆ, ಒಣಮೆಣಸಿನಕಾಯಿ ಜೊತೆ ಹಿಸುಕಿದರೆ ಎರೋಂಬಾ. ಎರಡು ಮೂರು ಮೀನು ಸಾಕು. ಎರಡು ಪದರ ಕವರಿನಲ್ಲಿ ಕಟ್ಟಿಸದಿದ್ದರೆ ಬ್ಯಾಗಿನ ಬಟ್ಟೆಯೆಲ್ಲ ನಾರುತ್ತದೆ.

ಬಟ್ಟೆಯ ವಿಷಯದಲ್ಲಿ ಅವಸರ ಬೇಡ. ಮೊಯಿರಾಂಗ್ ಫೀ ಅನ್ನುವ ಇಲ್ಲಿಯ ನೇಯ್ದ ಬಟ್ಟೆಯ ಅಂಚಿನ ಹಲ್ಲಿನಾಕಾರದ ವಿನ್ಯಾಸ ನೇಯ್ಗೆಯಲ್ಲೇ ಬಂದಿರಬೇಕು. ಮಗುಚಿ ನೋಡಿ: ಹಿಂಬದಿ ಮಂಕಾಗಿ, ನೂಲೇ ಕಾಣದಿದ್ದರೆ ಅದು ಅಚ್ಚು ಒತ್ತಿದ್ದು.

ಸಂತೆ ದಿಢೀರನೆ ಮುಚ್ಚಿದರೆ ಗೊಣಗಬೇಡಿ. ಪ್ರತಿಭಟನೆಗೆ ಸಂತೆ ಮುಚ್ಚುವುದು ಇವರ ಹಳೆಯ ಅಸ್ತ್ರ. 1904ರಲ್ಲಿ ಬಿಟ್ಟಿ ದುಡಿಮೆಯ ವಿರುದ್ಧ ಬೀದಿಗಿಳಿದದ್ದೂ ಇಲ್ಲಿಯ ಹೆಂಗಸರೇ. 1939ರಲ್ಲಿ ಊರಲ್ಲಿ ಅಕ್ಕಿಗೆ ತತ್ವಾರವಿದ್ದಾಗಲೂ ವರ್ತಕರು ಅದನ್ನು ಹೊರಗೆ ಸಾಗಿಸುತ್ತಿದ್ದರು. ಡಿಸೆಂಬರ್ 12ರಂದು ಈ ಹೆಂಗಸರು ದರ್ಬಾರಿನ (ಸಂಸ್ಥಾನದ ಆಡಳಿತ ಮಂಡಳಿಯ) ಅಧ್ಯಕ್ಷನನ್ನು ತಾರಾ ಕಚೇರಿಯಲ್ಲಿ ಘೇರಾವ್ ಹಾಕಿ, ಸಾಗಾಟ ನಿಲ್ಲಿಸುವ ಆದೇಶಕ್ಕೆ ಪಟ್ಟು ಹಿಡಿದರು. ಸೈನಿಕರ ಬಯೊನೆಟ್ಟಿಗೆ ಹಲವರು ಗಾಯಗೊಂಡರು. ಆಮೇಲೂ ತಿಂಗಳುಗಟ್ಟಲೆ ಸಂತೆ ಬಹಿಷ್ಕಾರ ನಡೆಯಿತು. ರಾತ್ರಿ ಪಂಜು ಹಿಡಿದು ಕಾವಲಿರುವ ಮೈರಾ ಪೈಬಿಗಳು ಇದೇ ಪರಂಪರೆಯವರು. ಕರೆಂಟ್ ಕಂಬಕ್ಕೆ ಕಲ್ಲಿನಿಂದ ಬಡಿದರೆ ಸಾಕು, ಕೇರಿಯ ಹೆಂಗಸರೆಲ್ಲ ಹೊರಬರುತ್ತಾರೆ.

ಆದರೂ ಪ್ರವಾಸಿ ಬರಹಗಳು ಹೇಳುವ 'ಎಲ್ಲ ಸಮುದಾಯಗಳ ಶಾಂತಿ ಸಂತೆ' ಅನ್ನುವ ಮಾತು ಈಗ ಒಪ್ಪುವಂಥದ್ದಲ್ಲ. 2023ರ ಮೇನಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ನಡೆದ ಗಲಭೆಯಿಂದೀಚೆಗೆ ಕುಕಿ-ಜೋ ಹೆಂಗಸರು ಇಲ್ಲಿಗೆ ಬರಲಾರದಾದರು. ಅದೇ ವರ್ಷ ಜೂನ್‌ನಲ್ಲಿ ಇಥಾಮ್ ಹಳ್ಳಿಯಲ್ಲಿ ಹೆಂಗಸರು ಮುಂದೆ ನಿಂತ ಗುಂಪು ಸೇನೆಯನ್ನು ಅಡ್ಡಗಟ್ಟಿ, ಸಿಕ್ಕಿಬಿದ್ದ 12 ಉಗ್ರರನ್ನು ಬಿಡಿಸಿಕೊಂಡಿತು. ಅದನ್ನು ಅಹಿಂಸೆಯ ಲೆಕ್ಕಕ್ಕೆ ಸೇರಿಸಲಾಗದು.

ಹೊರಡುವ ಮುನ್ನ ಬಂದ್, ಕರ್ಫ್ಯೂ ಸುದ್ದಿ ವಿಚಾರಿಸಿ. 2020ರಿಂದ ಹೊರರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ (ರಾಜ್ಯದೊಳಗೆ ಬರಲು ಅನುಮತಿ ಪತ್ರ) ಕಡ್ಡಾಯ.