ಒಣ ಅರಿವೆ ಮುಟ್ಟಿಸಬೇಡಿ, ಡಬ್ಬಿ ಓದದೆ ತಿಕ್ಕಬೇಡಿ

ಗದಗ ಕಡೆಯಿಂದ ಎರೆಮಣ್ಣಿನ ಧೂಳು ಹೊತ್ತು ಬಂದ ಕಪ್ಪು ಕಾರು. ಹುಬ್ಬಳ್ಳಿಯ ಮನೆ ಮುಂದೆ, ಹನ್ನೊಂದರ ಬಿಸಿಲಲ್ಲಿ, ಮೊದಲು ಹಳೇ ಬನಿಯನ್ನಿನಿಂದ ಒಣಗೇ ಒರೆಸಿದರು. ಬಟ್ಟೆ ಒಗೆಯುವ ಪುಡಿ ಕಲಸಿದ ಒಂದೇ ಬಕೆಟ್ಟಿನಲ್ಲಿ ತೊಳೆದರು. ಆಮೇಲೆ ‘ಪಾಲಿಶ್’ ಹಚ್ಚಿ ಜೋರಾಗಿ ತಿಕ್ಕಿದರು. ಸಂಜೆ ಬೀದಿದೀಪದ ಬೆಳಕಿಗೆ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಗೀರು, ಬಾಗಿಲಿನ ಅಂಚಿನಲ್ಲಿ ಬಣ್ಣದ ಅಡಿಯ ಬೂದು ಪ್ರೈಮರ್. ಹಚ್ಚಿದ್ದು ಬಣ್ಣ ಕಾಯುವ ವ್ಯಾಕ್ಸ್ ಅಲ್ಲ, ಬಣ್ಣ ಸವೆಸುವ ರಬ್ಬಿಂಗ್ ಕಾಂಪೌಂಡ್!

ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್. ಹೆಚ್ಚೆಂದರೆ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಗಟ್ಟಿ. ಒಣ ಅರಿವೆ ಆಡಿಸಿದರೆ ಅದೇ ಉಪ್ಪುಕಾಗದ. ಬೆಳಿಗ್ಗೆ ಇಬ್ಬನಿ ಬಿದ್ದಿದೆಯಲ್ಲ ಎಂದು ಹಾಗೇ ಒರೆಸುವುದೂ ಅಷ್ಟೇ ಕೆಟ್ಟದ್ದು, ಕಣ ತೇಲಿ ಹೋಗುವಷ್ಟು ನೀರು ಅದರಲ್ಲಿಲ್ಲ.

ನೆರಳಲ್ಲಿ, ಬಾನೆಟ್ ಕೈಗೆ ತಣ್ಣಗಿದ್ದಾಗ ಶುರು ಮಾಡಿ. ಮೊದಲು ಬರೀ ನೀರು, ಐದು ನಿಮಿಷ, ಮೇಲಿನಿಂದ ಕೆಳಕ್ಕೆ. ಬಾಗಿಲ ಕೆಳಭಾಗ, ಚಕ್ರದ ಸುತ್ತ ಅಂಟಿದ ಎರೆಮಣ್ಣು ನೆನೆದು ತಾನೇ ಬಿಡಬೇಕು, ಉಗುರು ಹಾಕಬೇಡಿ. ಆಮೇಲೆ ಬಕೆಟ್ ಎರಡು: ಒಂದರಲ್ಲಿ ಬಾಟಲಿ ಮೇಲೆ ಹೇಳಿದ ಅಳತೆಯ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ತೊಳೆದ ಮೇಲೆ ಮೈಕ್ರೋಫೈಬರ್ ಕೈಗವಸನ್ನು ಬರೀ ನೀರಲ್ಲಿ ಜಾಲಿಸಿ, ಹಿಂಡಿ, ಆಮೇಲೆಯೇ ಶಾಂಪೂಗೆ ಅದ್ದಿ. ಗುಂಡಗೆ ತಿರುವದೆ ನೇರವಾಗಿ ಎಳೆಯಿರಿ. ಚಕ್ರಕ್ಕೆ ಬೇರೆ ಅರಿವೆ, ಚಕ್ರದ ಮೇಲೆ ಬ್ರೇಕಿನ ಕಬ್ಬಿಣದ ಪುಡಿ ಇರುತ್ತದೆ. ಅರಿವೆ ನೆಲಕ್ಕೆ ಬಿತ್ತೇ? ಆ ದಿನಕ್ಕೆ ಅದರ ಕೆಲಸ ಮುಗಿಯಿತು.

ಪಾತ್ರೆ ತೊಳೆಯುವ ದ್ರವ ಸೋಪು ಗೀರುವುದಿಲ್ಲ, ಆದರೆ ಹಳೆಯ ವ್ಯಾಕ್ಸನ್ನು ಕಿತ್ತುಹಾಕಬಹುದು. ಬಟ್ಟೆ ಪುಡಿಯ ಕರಗದ ಹರಳು ಮಾತ್ರ ಗೀರುತ್ತದೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಚುಕ್ಕೆ. ನಲ್ಲಿಗೆ ಮಲಪ್ರಭಾ ನದಿಯ ನೀರು ಬಂದ ದಿನ ಎರಡು ಬಕೆಟ್ ತುಂಬಿಟ್ಟುಕೊಂಡು ಕೊನೆಗೆ ಜಾಲಿಸಲು ಅದನ್ನೇ ಬಳಸಿ, ದಪ್ಪ ಮೈಕ್ರೋಫೈಬರ್ ಟವೆಲ್ ಒತ್ತಿ ಕೂಡಲೇ ನೀರು ಹೀರಿಸಿ.

ವ್ಯಾಕ್ಸ್ ಹಚ್ಚುವುದು ಪೂರ್ತಿ ಒಣಗಿದ ಕಾರಿಗೆ. ಡಬ್ಬಿಯ ಮೇಲೆ ‘ಕಾಂಪೌಂಡ್’, ‘ಕಟ್’, ‘ಸ್ಕ್ರ್ಯಾಚ್ ರಿಮೂವರ್’ ಎಂದಿದ್ದರೆ ಅದು ಬಣ್ಣ ಸವೆಸುವ ಮಾಲು, ಕಾಯುವ ಮಾಲಲ್ಲ. ಬಾಗಿಲೊಂದಕ್ಕೆ ಕಡಲೆಕಾಳಿನಷ್ಟು ವ್ಯಾಕ್ಸ್ ಪೇಸ್ಟ್ ಸಾಕು, ತೆಳ್ಳಗೆ ಹಚ್ಚಿ. ಮಂಜು ಕಟ್ಟಿದಂತೆ ಕಂಡಾಗ ಬೇರೆ ಟವೆಲ್ಲಿನಿಂದ ಹಗುರಾಗಿ ಒರೆಸಿ. ಕಪ್ಪು ಪ್ಲಾಸ್ಟಿಕ್ಕಿಗೆ ತಗಲಿದರೆ ಬಿಳಿ ಕಲೆ ಬಿಡುವುದು ಕಷ್ಟ, ಮೊದಲೇ ಟೇಪ್ ಅಂಟಿಸಿ.

ಆ ಕಪ್ಪು ಕಾರಿನ ಬಾನೆಟ್ ಗೀರುಗಳನ್ನು ಮಶಿನ್ ಪಾಲಿಶ್ ಕಡಿಮೆ ಮಾಡಬಹುದು, ಆದರೆ ಉಳಿದ ಕ್ಲಿಯರ್ ಕೋಟನ್ನು ಇನ್ನಷ್ಟು ಸವೆಸುತ್ತದೆ. ಬಾಗಿಲ ಅಂಚಿಗೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.