ಹಡಗು ಹತ್ತುವ ಮುನ್ನ ಪೆಟ್ಟಿಗೆ ಕಳಿಸುವುದು: ಕೊರಿಯರ್‌ಗಿಂತ ನನಗೆ ಬಸ್ ಪಾರ್ಸೆಲ್ಲೇ ವಾಸಿ

ಕಳೆದ ನವೆಂಬರಿನಲ್ಲಿ ನಮ್ಮ ಅಪ್ಪ ಗೋವಾ ಕಡೆಗೆ ಹೊರಟ ಹಡಗಿನ ಊಟದ ಹಾಲಿಗೆ ಪಂಚೆ ಉಟ್ಟು, ಮೇಲೆ ನನ್ನ ಕಚೇರಿಯ ಹೆಸರು ಅಚ್ಚಾದ ಟೀ ಶರ್ಟ್ ತೊಟ್ಟು ಬಂದರು. ಅಂದು ಅವರ ಮದುವೆಗೆ ಐವತ್ತು ವರ್ಷ ತುಂಬಿತ್ತು. ಅದಕ್ಕೆಂದೇ ಹೊಲಿಸಿದ ಜುಬ್ಬಾ, ಅಮ್ಮನ ಇಳಕಲ್ ಸೀರೆ, ಇಬ್ಬರ ಚಪ್ಪಲಿ, ಎಲ್ಲವೂ ಆ ಹೊತ್ತಿಗೆ ಮುಂಬೈ ಹತ್ತಿರದ ಭಿವಂಡಿಯ ಯಾವುದೋ ಕೊರಿಯರ್ ಗೋದಾಮಿನಲ್ಲಿ ಕುಳಿತಿದ್ದವು. ಪಂಚೆಯಾದರೂ ಇದ್ದದ್ದು ಅಪ್ಪನ ಸಂಧ್ಯಾವಂದನೆಯ ಪುಣ್ಯದಿಂದ; ಅದನ್ನು ಅಮ್ಮ ಕೈಚೀಲದಲ್ಲೇ ಇಟ್ಟಿದ್ದಳು.

ಈ ಸುದ್ದಿ ಬೀಗರ ಮನೆಗೆ ತಲುಪಿ, ಅವರಿಗೂ ಹಡಗಿನ ಆಸೆ ಹುಟ್ಟಿತು. ಬೀಗರಿಗೆ ಒಂದು, ಹೆತ್ತವರಿಗೆ ಒಂದು ಎಂದು ಭೇದ ಮಾಡಿ ಬದುಕಿ ಉಳಿದ ಗಂಡಸನ್ನು ನಾನಂತೂ ಕಂಡಿಲ್ಲ. ಹೀಗಾಗಿ ಮಾರ್ಚ್‌ನಲ್ಲಿ ಅತ್ತೆ ಮಾವನನ್ನು ಕರೆದುಕೊಂಡು ಮತ್ತೆ ಅದೇ ದಾರಿ ಹಿಡಿದೆವು. ನಾಲ್ಕು ತಿಂಗಳಲ್ಲಿ ಎರಡು ಸಲ ಪುಣೆಯಿಂದ ಮುಂಬೈ ಬಂದರಿಗೆ ಸಾಮಾನು ಮುಂದಾಗಿ ಕಳಿಸಿ ನೋಡಿದ ಅನುಭವ ಇದು. ನನ್ನ ಓಟು ಬಸ್ ಪಾರ್ಸೆಲ್‌ಗೆ. ಕೊರಿಯರ್‌ನವರ ಮೇಲೆ ನನಗಿನ್ನೂ ಸಿಟ್ಟು ಆರಿಲ್ಲ, ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಓದಿ.

ಪುಣೆಯಿಂದ ಮುಂಬೈಗೆ ಸಾಮಾನು ಕಳಿಸುವುದೇಕೆ, ಜೊತೆಗೇ ಒಯ್ಯಬಾರದೇ ಎಂದು ಕೇಳುವವರಿದ್ದಾರೆ. ಗಟ್ಟಿಮುಟ್ಟಾದ ಇಬ್ಬರೇ ಹೋಗುವುದಾದರೆ ಖಂಡಿತ ಒಯ್ಯಬಹುದು. ಬೆಳಿಗ್ಗೆ 7.15ಕ್ಕೆ ಡೆಕ್ಕನ್ ಕ್ವೀನ್ ರೈಲು ಹತ್ತಿದರೆ 10.25ಕ್ಕೆ ಮುಂಬೈನ ಸಿಎಸ್‌ಎಂಟಿ ನಿಲ್ದಾಣ, ಅಲ್ಲಿಂದ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್‌ಗೆ ಟ್ಯಾಕ್ಸಿಯಲ್ಲಿ ಐದಾರು ನಿಮಿಷ. ಎಸಿ ಚೇರ್ ಕಾರ್ ಟಿಕೆಟ್ಟಿಗೆ ತಲಾ 40 ಕಿಲೋ ಸಾಮಾನು ಉಚಿತ. ತೂಕ ಎಂದೂ ತೊಡಕಾಗುವುದಿಲ್ಲ. ತೊಡಕು ಇರುವುದು ಪೆಟ್ಟಿಗೆಯನ್ನು ಎತ್ತಿ ಮೇಲಿನ ಹಲಗೆಗೆ ಇಡುವ ಕೈಗಳದು. ಅಮ್ಮನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ, ಅಪ್ಪನಿಗೆ ಎಪ್ಪತ್ತನಾಲ್ಕು, ನನ್ನ ಹೆಂಡತಿಯ ಕೈಯಲ್ಲಿ ಮಗು. ಉಳಿದವನು ನಾನೊಬ್ಬ, ಪೆಟ್ಟಿಗೆ ನಾಲ್ಕು. ಅದಕ್ಕೇ ದೊಡ್ಡವೆರಡನ್ನು ಮುಂದೆ ಕಳಿಸೋಣ ಎಂದುಕೊಂಡೆ.

ಯೊಕೊಹಾಮಾದಲ್ಲಿರುವ ನನ್ನ ತಮ್ಮನಿಗೆ ಇದೆಲ್ಲ ನಗೆಪಾಟಲು. ಜಪಾನಿನಲ್ಲಿ 1976ರಿಂದಲೂ ತಕ್ಯುಬಿನ್ ಎಂಬ, ಸಾಮಾನನ್ನು ಬಾಗಿಲಿಗೇ ತಲುಪಿಸುವ ಸೇವೆ ಇದೆ. ಬೆಕ್ಕೊಂದು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವ ಚಿತ್ರದ ಗಾಡಿಗಳು, ಇಂದು ಕೊಟ್ಟ ಪೆಟ್ಟಿಗೆ ನಾಳೆ ಹೋಟೆಲಿನಲ್ಲಿ. ‘ನೇರ ಬಂದರಿಗೇ ಕಳಿಸಿಬಿಡು’ ಎಂದು ಫೋನಿನಲ್ಲಿ ಉಪದೇಶ ಕೊಟ್ಟ. ವಿಚಾರಿಸಿದೆ. ಬಂದರು ಭದ್ರತಾ ವಲಯ, ಪೆಟ್ಟಿಗೆ ತಂದವನನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ, ಒಳಗೆ ಸಹಿ ಹಾಕಿ ತೆಗೆದುಕೊಳ್ಳುವವರು ಯಾರೂ ಇಲ್ಲ ಎಂದರು. ಬ್ರಿಟಿಷರ ಕಾಲದಲ್ಲಿ ಇದೇ ಬ್ಯಾಲಾರ್ಡ್ ಪಿಯರ್‌ನಲ್ಲಿ ರೈಲೇ ಹಡಗಿನ ಬಳಿಗೆ ಬರುತ್ತಿತ್ತು. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ಇಲ್ಲಿಂದಲೇ ಪೇಶಾವರದ ಕಡೆ ಹೊರಡುತ್ತಿತ್ತು. ಆಗಿನ ಹಡಗು ಪ್ರಯಾಣಿಕರು ಟ್ರಂಕುಗಳಿಗೆ ಎರಡು ಬಗೆಯ ಚೀಟಿ ಅಂಟಿಸುತ್ತಿದ್ದರು: ದಾರಿಯಲ್ಲಿ ಬೇಕಾದದ್ದು, ದಾರಿಯಲ್ಲಿ ಬೇಡದ್ದು. ನಮ್ಮ ಜುಬ್ಬಾ ಮತ್ತು ಇಳಕಲ್ ಸೀರೆ ಯಾವ ಚೀಟಿಯೂ ಇಲ್ಲದೆ ಎರಡನೆಯ ಗುಂಪಿಗೆ ಸೇರಿದವು.

ಬಂದರಿಗೆ ಆಗದ ಮೇಲೆ ವಿಳಾಸ ಬೇಕಲ್ಲ, ಮುಂಬೈನ ಮಾಟುಂಗಾದಲ್ಲಿರುವ ಸೋದರತ್ತೆಯ ಮನೆಯ ವಿಳಾಸ ಕೊಟ್ಟೆ. ಕೊರಿಯರ್ ಹುಡುಗ ಮನೆಗೇ ಬಂದ, ತಕ್ಕಡಿ ತಂದಿದ್ದ. ಒಂದೊಂದು ಪೆಟ್ಟಿಗೆಯೂ ಸರಿಯಾಗಿ 14 ಕಿಲೋ. ಕಿಲೋಗೆ 32 ರೂಪಾಯಿ, ಅಂದರೆ ತಲಾ 448 ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾಗ ಆತ ಜೇಬಿನಿಂದ ಟೇಪು ತೆಗೆದ. ಉದ್ದ 76, ಅಗಲ 52, ದಪ್ಪ 32 ಸೆಂಟಿಮೀಟರ್. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 25.29. ‘ಇಪ್ಪತ್ತಾರು ಕಿಲೋ, ಸರ್’ ಎಂದ. ಗಾತ್ರದ ತೂಕ ಎನ್ನುವುದು ಇದೇ. ಗಾಡಿಯಲ್ಲಿ ಹಿಡಿಯುವ ಜಾಗಕ್ಕೂ ದುಡ್ಡು. ಎರಡು ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಗಟ್ಟಿ ಚಿಪ್ಪಿನ ಚಕ್ರದ ಪೆಟ್ಟಿಗೆ ಇದ್ದವರಿಗೆ ಇದು ತಪ್ಪಿದ್ದಲ್ಲ, ಅರ್ಧ ಖಾಲಿ ಇದ್ದರೂ ಅದು ಕುಗ್ಗುವುದಿಲ್ಲವಲ್ಲ. ತಲಾ 832, ಅದರ ಮೇಲೆ ಶೇ 18 ಜಿಎಸ್‌ಟಿ. ಎರಡಕ್ಕೆ ಸಾವಿರದ ಒಂಬೈನೂರ ಚಿಲ್ಲರೆ ಎಣಿಸಿದೆ. ಪವರ್ ಬ್ಯಾಂಕನ್ನೂ ಅಮ್ಮನ ಉಪ್ಪಿನಕಾಯಿ ಭರಣಿಯನ್ನೂ ಹೊರಗೆ ತೆಗೆಸಿದ. ಅದಕ್ಕೆ ನನ್ನ ತಕರಾರಿಲ್ಲ.

ದುಡ್ಡು ಹೋದರೆ ಹೋಗಲಿ, ನನ್ನನ್ನು ಕೆಡಿಸಿದ್ದು ಒಟಿಪಿ. ಫಾರಂ ತುಂಬುವಾಗ ಪಡೆಯುವವರ ಮೊಬೈಲ್ ಸಂಖ್ಯೆ ಕೇಳಿದರು. ಸೋದರತ್ತೆ ಮೊಬೈಲನ್ನು ಫ್ರಿಜ್ಜಿನ ಮೇಲಿಟ್ಟು ಮರೆಯುವವರು, ಸಂದೇಶ ಓದುವವರಲ್ಲ. ಜಾಣತನ ಮಾಡಿ ನನ್ನ ಸಂಖ್ಯೆಯನ್ನೇ ಬರೆದೆ. ತಪ್ಪು ನನ್ನದೇ. ಮಂಗಳವಾರ ಕೊಟ್ಟದ್ದು ಗುರುವಾರ ತಲುಪಬೇಕಿತ್ತು. ಗುರುವಾರ ಇಡೀ ದಿನ ಆ್ಯಪ್ ‘ಇಂದು ತಲುಪುತ್ತದೆ’ ಎನ್ನುತ್ತಲೇ ಇತ್ತು, ರಾತ್ರಿ ಹತ್ತಕ್ಕೆ ‘ನಾಳೆ ತಲುಪುತ್ತದೆ’ ಎಂದಿತು. ನಾಳೆ ಎಂದರೆ ಶುಕ್ರವಾರ, ಹಡಗಿನ ದಿನ.

ಶುಕ್ರವಾರ ಅವರ ಹುಡುಗ ಯಾವ ಪುಣ್ಯಕ್ಕೋ ಮೊದಲು ಅತ್ತೆಯ ಮನೆಗೇ ಹೋಗಿದ್ದಾನೆ. ಆಗ ನಾವಿದ್ದದ್ದು ಲೋಣಾವಳಾ ದಾಟಿ, ಭೋರ್ ಘಾಟಿನ ಇಳಿಜಾರಿನಲ್ಲಿ. ಆ ದಾರಿ ಬಲ್ಲವರಿಗೆ ಗೊತ್ತು, ಒಂದು ಸುರಂಗ ಮುಗಿದು ಕಣ್ಣು ಬೆಳಕಿಗೆ ಹೊಂದುವಷ್ಟರಲ್ಲಿ ಇನ್ನೊಂದು. ಮೊಬೈಲಿನ ಕಡ್ಡಿಗಳು ಬರುವುದು, ಹೋಗುವುದು. ನಡುವೆ ಒಮ್ಮೆ ಅತ್ತೆಯ ಕರೆ ಬಂತು. ‘ಅವ ನಂಬರ್ ಕೇಳಾಕತ್ತಾನ, ಯಾವ ನಂಬರೋ?’ ಎಂದರು, ನಾನು ಬಾಯಿ ತೆರೆಯುವುದರೊಳಗೆ ಕತ್ತಲು. ಮತ್ತೆ ಬೆಳಕು ಬಂದಾಗ ಹುಡುಗನ ಕರೆ, ‘ಸರ್, ಓಟಿಪಿ’, ಮತ್ತೆ ಕತ್ತಲು. ಎದುರು ಸೀಟಿನವರು ವಡಾ ತಿನ್ನುತ್ತ ನನ್ನ ಗೋಳಾಟ ನೋಡುತ್ತಿದ್ದರು. ಕರ್ಜತ್‌ನಲ್ಲಿ ರೈಲು ನಿಂತಾಗ ಸಂದೇಶಗಳೆಲ್ಲ ಒಟ್ಟಿಗೆ ಬಿದ್ದವು. ಮೊದಲನೆಯದು ಆರು ಅಂಕಿಗಳ ಒಟಿಪಿ. ಕೊನೆಯದು: ‘ಪಡೆಯುವವರು ಲಭ್ಯವಿರಲಿಲ್ಲ’. ಲಭ್ಯವಿರಲಿಲ್ಲವಂತೆ! ಅತ್ತೆ ಬಾಗಿಲಲ್ಲಿ ನಿಂತು, ಅವನಿಗೆ ನೀರು ಕೊಟ್ಟು, ಆಧಾರ್ ಕಾರ್ಡ್ ತೋರಿಸಿ, ಎರಡೂ ಪೆಟ್ಟಿಗೆಗಳನ್ನು ಕಣ್ಣಾರೆ ಕಂಡಿದ್ದಾರೆ. ಅಂಕಿ ಇಲ್ಲದೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ ಎಂದು ಅವನು ಕೈ ಮುಗಿದು ಹೊರಟುಬಿಟ್ಟ. ಸಹಾಯವಾಣಿಯಲ್ಲಿ ನಲವತ್ತು ನಿಮಿಷ ಕಳೆದ ಮೇಲೆ ಸಿಕ್ಕ ಉತ್ತರ: ಗಾಡಿ ಸಂಜೆ ಭಿವಂಡಿಗೆ ಹಿಂದಿರುಗುತ್ತದೆ, ಮರುಪ್ರಯತ್ನ ಶನಿವಾರ. ಶನಿವಾರ ನಾವು ಸಮುದ್ರದ ನಡುವೆ.

ಅಂದು ಉಳಿದ ಎರಡು ಸಣ್ಣ ಪೆಟ್ಟಿಗೆಗಳನ್ನು ಬೋರ್ಡಿಂಗ್ ಹೊತ್ತಿನ ತನಕ ಸಿಎಸ್‌ಎಂಟಿಯ ಕ್ಲೋಕ್ ರೂಮಿನಲ್ಲಿಟ್ಟೆವು. ರೈಲಿನ ಟಿಕೆಟ್, ಗುರುತಿನ ಚೀಟಿ, ಪೆಟ್ಟಿಗೆಗೆ ಬೀಗ, ಈ ಮೂರಿದ್ದರೆ ಚಿಂತೆಯಿಲ್ಲ. ಒಂದರ ಬೀಗ ಮುರಿದಿತ್ತು. ಹೊರಗೆ ಎಂಬತ್ತು ರೂಪಾಯಿ ಕೊಟ್ಟು ಹೊಸದು ತಂದೆ.

ಮಾರ್ಚ್‌ನಲ್ಲಿ ಬಸ್ ಪಾರ್ಸೆಲ್. ಪುಣೆಯ ಸ್ವಾರಗೇಟಿನ ಹತ್ತಿರ ಒಂದು ಖಾಸಗಿ ಬಸ್ಸಿನವರ ಪಾರ್ಸೆಲ್ ಕೌಂಟರು. ಅಲ್ಲಿ ಟೇಪೂ ಇಲ್ಲ, ತಕ್ಕಡಿಯೂ ಇಲ್ಲ. ‘ಕಿತಿ ನಗ?’ (ಎಷ್ಟು ಸಾಮಾನು?) ಎಂದ. ಎರಡು ನಗ ಎಂದೆ. ನಗಕ್ಕೆ 250, ಹಮಾಲಿ ಇಪ್ಪತ್ತು. ಎಲ್‌ಆರ್, ಅಂದರೆ ಸಾಮಾನು ಸಾಗಣೆಯ ರಸೀದಿ, ಹರಿದು ಕೊಟ್ಟ. ಹೆಂಡತಿಯ ತಾಯಿ ಹಳೆಯ ಸೋಲಾಪುರ ಚಾದರವನ್ನು ಪೆಟ್ಟಿಗೆಗೆ ಸುತ್ತಿ, ದಬ್ಬಣ ಮತ್ತು ಗೋಣಿದಾರದಿಂದ ಹೊಲಿದಿದ್ದರು, ಮೇಲೆ ಮಾವನ ಹೆಸರು ನೀಲಿ ಸ್ಕೆಚ್ ಪೆನ್ನಿನಲ್ಲಿ. ನನಗೆ ಸ್ವಲ್ಪ ನಾಚಿಕೆಯಾಗಿತ್ತು, ಆದರೆ ಮುಂಬೈನ ದಾದರಿನಲ್ಲಿ ಬಿಡಿಸಿದಾಗ ಚಾದರದ ಮೇಲೆ ಯಾರದೋ ಎಣ್ಣೆ ಡಬ್ಬಿಯ ಕಲೆ, ಒಳಗಿನ ಪೆಟ್ಟಿಗೆ ಮಾತ್ರ ಅಂಗಡಿಯಿಂದ ತಂದ ಹಾಗೆ.

ಬುಧವಾರ ರಾತ್ರಿ ಹಾಕಿದ್ದು ಗುರುವಾರ ಬೆಳಿಗ್ಗೆ ದಾದರಿನ ಕೌಂಟರಿನಲ್ಲಿತ್ತು. ಶುಕ್ರವಾರ ಡೆಕ್ಕನ್ ಕ್ವೀನ್‌ನಲ್ಲಿ ಬಂದವರು ದಾದರಿನಲ್ಲೇ ಇಳಿದು, ಎಲ್‌ಆರ್ ತೋರಿಸಿ, ಪೆಟ್ಟಿಗೆ ಎತ್ತಿಸಿಕೊಂಡು, ಟ್ಯಾಕ್ಸಿಯಲ್ಲಿ ಬಂದರಿನ ಕಡೆಗೆ ಪಿ. ಡಿಮೆಲ್ಲೋ ರಸ್ತೆ ಹಿಡಿದೆವು. ಅಂಕಿ ಯಾರೂ ಕೇಳಲಿಲ್ಲ. ಕೌಂಟರಿನವನು ಊಟಕ್ಕೆ ಹೋಗುವ ಹೊತ್ತು ತಿಳಿದಿರಬೇಕು, ಎಲ್‌ಆರ್ ಕಳೆದುಕೊಳ್ಳಬಾರದು, ಟ್ಯಾಕ್ಸಿಗೆ ನಾನೂರು ರೂಪಾಯಿ ಹೆಚ್ಚು. ಇಷ್ಟೇ ಅದರ ಕಿರಿಕಿರಿ. ಹುಬ್ಬಳ್ಳಿ, ಬೆಳಗಾವಿಯಿಂದ ಬರುವವರಿಗೂ ರಾತ್ರಿ ಬಸ್ಸುಗಳಲ್ಲಿ ಇದೇ ಅನುಕೂಲ ಸಿಗುತ್ತದೆ. ನಮ್ಮ ಮನೆಯ ಹಪ್ಪಳ, ಕಡಕ್ ರೊಟ್ಟಿ ಎಲ್ಲ ಎಷ್ಟೋ ವರ್ಷಗಳಿಂದ ಹೀಗೇ ಬರುತ್ತಿವೆ. ಪೆಟ್ಟಿಗೆಗೆ ಮಾತ್ರ ಆ ದಾರಿ ನನಗೇಕೆ ಹೊಳೆದಿರಲಿಲ್ಲವೋ.

ಬೆಂಗಳೂರಿನಿಂದ ಬಂದ ಭಾವಮೈದುನ ತನ್ನ ಪೆಟ್ಟಿಗೆಯನ್ನು ಕೊರಿಯರಿನಲ್ಲೇ ಮುಂಬೈನ ಫೋರ್ಟ್ ಪ್ರದೇಶದ ಹೋಟೆಲಿಗೆ ಕಳಿಸಿದ್ದ. ಮೊದಲೇ ಫೋನು ಮಾಡಿ, ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅದೇ ಹೆಸರು ಬರೆದಿದ್ದರಿಂದ ಸುಸೂತ್ರವಾಗಿ ಸಿಕ್ಕಿತು. ಹಿಂದಿನ ರಾತ್ರಿ ಹೋಟೆಲಿನಲ್ಲಿ ತಂಗುವವರಿಗೆ ಅದು ಸರಿ. ನಾವು ಆ ದುಡ್ಡು ಕೊಡುವ ಜನ ಅಲ್ಲ, ಬೆಳಗಿನ ರೈಲೇ ನಮ್ಮ ಹೋಟೆಲು. ಸ್ಪೀಡ್ ಪೋಸ್ಟಿನಲ್ಲಿ 35 ಕಿಲೋ ತನಕ ಹೋಗುತ್ತದೆ, ಆದರೆ ಅದೂ ಬಾಗಿಲು ಹುಡುಕಿಕೊಂಡು ಬರುವ ವ್ಯವಸ್ಥೆ, ನಾನು ಪ್ರಯತ್ನಿಸಲಿಲ್ಲ.

ಯಾವ ದಾರಿಯಲ್ಲಿ ಕಳಿಸಿದರೂ ಒಂದು ಮಾತು. ಟರ್ಮಿನಲ್‌ನಲ್ಲಿ ಪೆಟ್ಟಿಗೆಗೆ ಕ್ಯಾಬಿನ್ ಸಂಖ್ಯೆಯ ಚೀಟಿ ಕಟ್ಟಿ ಒಯ್ದುಬಿಡುತ್ತಾರೆ. ನಿಮ್ಮ ಕೋಣೆಯ ಬಾಗಿಲಿಗೆ ಅದು ಬರುವಾಗ ಗಂಟೆಗಳೇ ಕಳೆದಿರುತ್ತವೆ. ಮಾತ್ರೆ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಹಡಗಿನಲ್ಲಿ ಬಿಡುವುದಿಲ್ಲ. ಮಾವನವರ ಕೆಟಲ್ ಟರ್ಮಿನಲ್‌ನ ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದು, ಅವರು ಮೂರು ದಿನ ಹಡಗಿನ ಚಹಾವನ್ನು ಬೈಯುತ್ತಲೇ ಕುಡಿದರು.

ನವೆಂಬರಿನ ಆ ಎರಡು ಪೆಟ್ಟಿಗೆಗಳು ಎಂಟನೆಯ ದಿನ ಪುಣೆಗೆ ಹಿಂದಿರುಗಿದವು. ನಾವು ಮನೆಯಲ್ಲಿರಲಿಲ್ಲ. ಒಟಿಪಿ ಗಿಟಿಪಿ ಏನೂ ಕೇಳದೆ ವಾಚ್‌ಮನ್ ಕೈಗೆ ಕೊಟ್ಟು ಹೋಗಿದ್ದರು.